ದೇವರನ್ನು ನಂಬದವರ ಕ್ರಿಸ್‌ಮಸ್

ಡಿಸೆಂಬರ್ ಬಂತೆಂದರೆ ಬ್ರಿಟನ್ ಮತ್ತು ಅಮೆರಿಕದಲ್ಲಿ ಹಳೆಯ ಚರ್ಚೆಯೊಂದು ಮತ್ತೆ ತಲೆ ಎತ್ತುತ್ತದೆ. ಚರ್ಚಿನ ಮೆಟ್ಟಿಲು ತುಳಿಯದವರು, ಯೇಸುವನ್ನು ದೇವರ ಮಗನೆಂದು ಒಪ್ಪದವರು, ದೇವರೇ ಇಲ್ಲ ಎನ್ನುವವರು ಕ್ರಿಸ್‌ಮಸ್ ಆಚರಿಸಬಹುದೇ? ಮನೆಯಲ್ಲಿ ಮರ ನಿಲ್ಲಿಸಿ ದೀಪ ಕಟ್ಟುವುದು, ಮಕ್ಕಳಿಗೆ ಉಡುಗೊರೆ ಕೊಡುವುದು, ನೆಂಟರೊಡನೆ ಕೂತು ಉಣ್ಣುವುದು ಅವರ ಪಾಲಿಗೆ ಆತ್ಮವಂಚನೆ ಆಗುವುದಿಲ್ಲವೇ?

ಜನ ಈ ಪ್ರಶ್ನೆಗೆ ಉತ್ತರ ಬರುವ ತನಕ ಕಾದು ಕುಳಿತಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2013ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಅಲ್ಲಿನ ಕ್ರೈಸ್ತರಲ್ಲದವರ ಪೈಕಿ ಹತ್ತರಲ್ಲಿ ಎಂಟು ಮಂದಿ ಕ್ರಿಸ್‌ಮಸ್ ಆಚರಿಸುತ್ತಾರೆ. ಆದರೂ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿದಿದೆ. ಅದಕ್ಕೆ ಉತ್ತರ ಹುಡುಕುವ ಮೊದಲು ಈ ಹಬ್ಬ ನಡೆದು ಬಂದ ದಾರಿಯನ್ನು ನೋಡುವುದು ಒಳ್ಳೆಯದು. ಕ್ರಿಸ್‌ಮಸ್ ಬೇಡವೆಂದು ಕಾನೂನು ಮಾಡಿದವರಲ್ಲಿ ಮೊದಲಿಗರು ನಾಸ್ತಿಕರಲ್ಲ, ಕಟ್ಟಾ ಭಕ್ತರು ಎಂಬ ಸಂಗತಿ ಆಗ ತಿಳಿಯುತ್ತದೆ.

ಬೈಬಲಿನಲ್ಲಿ ಇಲ್ಲದ ತಾರೀಖು

ಯೇಸು ಹುಟ್ಟಿದ ಕತೆಯನ್ನು ಮತ್ತಾಯ ಮತ್ತು ಲೂಕರ ಸುವಾರ್ತೆಗಳು ಹೇಳುತ್ತವೆ. ಆದರೆ ಹುಟ್ಟಿದ ದಿನ ಯಾವುದೆಂದು ಎಲ್ಲಿಯೂ ಹೇಳಿಲ್ಲ. ಡಿಸೆಂಬರ್ 25ರಂದು ಈ ಹಬ್ಬ ನಡೆಯುತ್ತಿತ್ತು ಎಂಬುದಕ್ಕೆ ಸಿಗುವ ಅತಿ ಹಳೆಯ ದಾಖಲೆ ರೋಮಿನದು. ಕ್ರಿ.ಶ. 354ರಲ್ಲಿ ಸಿದ್ಧವಾದ ಪಂಚಾಂಗವೊಂದರಲ್ಲಿ ಅದರ ಉಲ್ಲೇಖವಿದೆ. ಆ ಭಾಗ 336ರ ಸುಮಾರಿನದು ಎಂದು ವಿದ್ವಾಂಸರು ಹೇಳುತ್ತಾರೆ. ಅದೇ ಪಂಚಾಂಗ ಡಿಸೆಂಬರ್ 25ನ್ನು ಸೂರ್ಯದೇವನ ಹುಟ್ಟಿದ ದಿನವೆಂದೂ ಗುರುತಿಸುತ್ತದೆ. ಡಿಸೆಂಬರ್ 17ರಿಂದ ರೋಮನ್ನರಿಗೆ ಸ್ಯಾಟರ್ನೇಲಿಯಾ ಹಬ್ಬ. ಉಡುಗೊರೆ, ಔತಣ, ಜೂಜು ಎಲ್ಲವೂ ಅದರಲ್ಲಿದ್ದವು. ಆ ದಿನಗಳಲ್ಲಿ ಯಜಮಾನರೇ ಗುಲಾಮರಿಗೆ ಬಡಿಸುವ ಪದ್ಧತಿಯಿತ್ತು.

ಇದರಿಂದ ಕ್ರಿಸ್‌ಮಸ್ ಎಂಬುದು ಹೆಸರು ಬದಲಾದ ರೋಮನ್ ಹಬ್ಬ ಎಂದು ಹೇಳುವವರು ಬಹಳ. ಆದರೆ ವಿದ್ವಾಂಸರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಮೇರಿ ಗರ್ಭ ಧರಿಸಿದ್ದು ಮಾರ್ಚ್ 25ರಂದು ಎಂಬ ನಂಬಿಕೆಯ ಮೇಲೆ ಒಂಬತ್ತು ತಿಂಗಳು ಎಣಿಸಿ ಈ ದಿನ ಹಿಡಿದರು ಎಂಬುದು ಇನ್ನೊಂದು ವಾದ. ಆರ್ಮೇನಿಯದ ಚರ್ಚು ಇಂದಿಗೂ ಜನವರಿ 6ರಂದೇ ಈ ಹಬ್ಬ ಮಾಡುತ್ತದೆ.

ಭಕ್ತರೇ ತಂದ ನಿಷೇಧ

ಬೈಬಲು ಹೇಳದ ಹಬ್ಬವನ್ನು ಮಾಡುವುದೇಕೆ ಎಂದು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕೇಳಿದವರು ಪ್ಯೂರಿಟನ್ನರು. ಅವರು ಚರ್ಚನ್ನು ಶುದ್ಧ ಮಾಡಲು ಹೊರಟ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರು. ಕುಡಿತ, ಕುಣಿತ, ಜೂಜುಗಳಲ್ಲಿ ಕಳೆಯುವ ಆ ಹನ್ನೆರಡು ದಿನಗಳು ಯೇಸುವಿಗೆ ಅವಮಾನ ಎಂಬುದು ಅವರ ಅಭಿಪ್ರಾಯ. ದೊರೆ ಒಂದನೇ ಚಾರ್ಲ್ಸನೊಡನೆ ಅಂತರ್ಯುದ್ಧದಲ್ಲಿ ತೊಡಗಿದ್ದ ಸಂಸತ್ತಿನಲ್ಲಿ ಅವರದೇ ಮೇಲುಗೈ. 1644ರ ಕ್ರಿಸ್‌ಮಸ್ ಬುಧವಾರ ಬಂತು. ಪ್ರತಿ ತಿಂಗಳ ಕೊನೆಯ ಬುಧವಾರ ಉಪವಾಸವೆಂದು ಮೊದಲೇ ಗೊತ್ತುಮಾಡಲಾಗಿತ್ತು. ಆ ದಿನ ಉಪವಾಸವನ್ನೇ ಆಚರಿಸಬೇಕೆಂದು ಸಂಸತ್ತು ಆಜ್ಞೆ ಹೊರಡಿಸಿತು. 1647ರ ಜೂನ್‌ನಲ್ಲಿ ಕ್ರಿಸ್‌ಮಸ್, ಈಸ್ಟರ್ ಮೊದಲಾದ ಹಬ್ಬಗಳನ್ನೇ ರದ್ದು ಮಾಡಿತು.

ಆ ಆಜ್ಞೆಯಲ್ಲಿ ಇನ್ನೊಂದು ಮಾತಿತ್ತು. ಹಬ್ಬ ಹೋದರೆ ವಿದ್ಯಾರ್ಥಿಗಳಿಗೆ, ಕೆಲಸ ಕಲಿಯುವ ಹುಡುಗರಿಗೆ, ಮನೆಯಾಳುಗಳಿಗೆ ಇದ್ದ ಬಿಡುವೂ ಹೋಗುತ್ತದೆ. ಆದ್ದರಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ಅವರಿಗೆ ರಜೆ ಕೊಡಬೇಕೆಂದು ಸಂಸತ್ತು ವಿಧಿಸಿತು. ಲೆಕ್ಕ ಹಾಕಿದರೆ ವರ್ಷಕ್ಕೆ ಹನ್ನೆರಡು ದಿನದ ರಜೆ.

ಜನ ಮಾತ್ರ ಇದಕ್ಕೆ ಒಪ್ಪಲಿಲ್ಲ. ಅದೇ ವರ್ಷದ ಕ್ರಿಸ್‌ಮಸ್‌ನಂದು ಅಂಗಡಿಗಳನ್ನು ತೆರೆಯಬೇಕೆಂದು ಕ್ಯಾಂಟರ್ಬರಿಯ ಮೇಯರ್ ಹಟ ಹಿಡಿದಾಗ ಜನ ತೆರೆದ ಅಂಗಡಿಗಳಿಗೆ ನುಗ್ಗಿ ಸಾಮಾನನ್ನು ಬೀದಿಗೆ ಎಸೆದರು. ಬಿಡಿಸಲು ಬಂದ ಮೇಯರನ್ನೇ ನೆಲಕ್ಕೆ ಕೆಡವಿದರು. ಮರುವರ್ಷ ಕೆಂಟ್ ಪ್ರಾಂತ್ಯದಲ್ಲಿ ಎದ್ದ ದಂಗೆಗೆ ಈ ಗಲಭೆಯೂ ಒಂದು ಕಾರಣ. ನಿಷೇಧ ಕ್ರಾಮ್‌ವೆಲ್‌ನದು ಎಂಬ ಮಾತು ಪ್ರಚಾರದಲ್ಲಿದೆ. ಆದರೆ ಆತ ಅಧಿಕಾರಕ್ಕೆ ಏರಿದ್ದು 1653ರಲ್ಲಿ, ಆಜ್ಞೆಯಾಗಿ ಆರು ವರ್ಷಗಳ ನಂತರ. 1660ರಲ್ಲಿ ಎರಡನೇ ಚಾರ್ಲ್ಸ್ ಮರಳಿದಾಗ ಈ ಕಾನೂನುಗಳೆಲ್ಲ ಬಿದ್ದುಹೋದವು.

ಅಮೆರಿಕಕ್ಕೆ ವಲಸೆ ಹೋದ ಪ್ಯೂರಿಟನ್ನರದೂ ಇದೇ ದಾರಿ. ಮ್ಯಾಸಚೂಸೆಟ್ಸ್ ವಸಾಹತು 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡ ವಿಧಿಸಿತು. 1681ರಲ್ಲಿ ದಂಡ ರದ್ದಾಯಿತಾದರೂ ಅಲ್ಲಿ ಕ್ರಿಸ್‌ಮಸ್ ಸರ್ಕಾರಿ ರಜೆಯಾಗಲು 1856ರವರೆಗೆ ಕಾಯಬೇಕಾಯಿತು. ಸ್ಕಾಟ್ಲೆಂಡಿನಲ್ಲಂತೂ ರಜೆ ಬಂದದ್ದು 1958ರಲ್ಲಿ.

ಬೀದಿಯಿಂದ ಮನೆಯೊಳಕ್ಕೆ

ಇಂದು ನಾವು ಕಾಣುವ ಕ್ರಿಸ್‌ಮಸ್ ಬಹುಪಾಲು 19ನೇ ಶತಮಾನದ ಸೃಷ್ಟಿ. 1843ರ ಡಿಸೆಂಬರಿನಲ್ಲಿ ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರೊಲ್’ ಹೊರಬಂತು. ಜಿಪುಣ ಸ್ಕ್ರೂಜ್ ತನ್ನ ಗುಮಾಸ್ತನಿಗೆ ಒಂದು ದಿನ ಸಂಬಳ ಸಹಿತ ರಜೆ ಕೊಡಲು ಗೊಣಗುತ್ತಾನೆ. ಕೊನೆಗೆ ಮನಸ್ಸು ಬದಲಿಸಿ ದಾನಿಯಾಗುತ್ತಾನೆ. ಆ ಕತೆಯಲ್ಲಿ ಧರ್ಮಬೋಧೆಗಿಂತ ಬಡವರ ಬಗೆಗಿನ ಕಳಕಳಿ ಹೆಚ್ಚು. ಅದೇ ವರ್ಷ ಹೆನ್ರಿ ಕೋಲ್ ಎಂಬಾತ ಮೊದಲ ಕ್ರಿಸ್‌ಮಸ್ ಕಾರ್ಡು ಅಚ್ಚುಹಾಕಿಸಿದ. ಅದರ ನಡುವೆ ಇದ್ದದ್ದು ಬಾಲಯೇಸುವಲ್ಲ, ದ್ರಾಕ್ಷಾರಸದ ಲೋಟ ಎತ್ತಿದ ಒಂದು ಕುಟುಂಬ. ಎರಡು ಬದಿಗಳಲ್ಲಿ ಬಡವರಿಗೆ ಅನ್ನ, ಬಟ್ಟೆ ಕೊಡುವ ಚಿತ್ರಗಳಿದ್ದವು. ಜರ್ಮನಿಯ ಪದ್ಧತಿಯಾಗಿದ್ದ ಕ್ರಿಸ್‌ಮಸ್ ಮರ ಬ್ರಿಟನ್ನಿನಲ್ಲಿ ಮನೆಮಾತಾದದ್ದು 1848ರಲ್ಲಿ, ರಾಣಿ ವಿಕ್ಟೋರಿಯಾ ಕುಟುಂಬ ಮರದ ಸುತ್ತ ನಿಂತ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ.

ಹಾಡುಗಳ ಕತೆಯೂ ಹೀಗೆಯೇ. 1857ರಲ್ಲಿ ಅಚ್ಚಾದ ‘ಜಿಂಗಲ್ ಬೆಲ್ಸ್’ ಹಾಡಿನಲ್ಲಿ ಕ್ರಿಸ್‌ಮಸ್ ಎಂಬ ಪದವೇ ಇಲ್ಲ. 1942ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ ‘ವೈಟ್ ಕ್ರಿಸ್‌ಮಸ್’ ಬರೆದ ಇರ್ವಿಂಗ್ ಬರ್ಲಿನ್ ರಷ್ಯಾದಿಂದ ವಲಸೆ ಬಂದ ಯಹೂದಿ ಮನೆತನದವರು.

ಕೆಂಪು ನಕ್ಷತ್ರದ ಮರ

ನಂಬದವರೇ ಆಳಿದ ದೇಶದಲ್ಲಿ ಏನಾಯಿತು ಎಂಬುದಕ್ಕೆ ಸೋವಿಯತ್ ಒಕ್ಕೂಟ ಸಾಕ್ಷಿ. 1920ರ ದಶಕದ ಕೊನೆಗೆ ಅಲ್ಲಿ ಕ್ರಿಸ್‌ಮಸ್ ರಜೆ ಹೋಯಿತು. ಅಲಂಕರಿಸಿದ ಮರವೂ ಮೂಢನಂಬಿಕೆಯ ಪಟ್ಟಿಗೆ ಸೇರಿತು. ಆದರೆ 1935ರ ಡಿಸೆಂಬರ್ 28ರ ‘ಪ್ರಾವ್ದಾ’ದಲ್ಲಿ ಪಕ್ಷದ ಮುಂದಾಳು ಪಾವೆಲ್ ಪೋಸ್ತಿಷೆವ್ ಬರೆದ ಪತ್ರವೊಂದು ಪ್ರಕಟವಾಯಿತು. ಮಕ್ಕಳಿಗೆ ಹೊಸ ವರ್ಷದ ಮರ ಏರ್ಪಡಿಸಬೇಕೆಂಬುದು ಅದರ ಒಕ್ಕಣೆ. ಕೆಲವೇ ದಿನಗಳಲ್ಲಿ ಮರ ಮರಳಿತು. ಬೆತ್ಲೆಹೇಮಿನ ನಕ್ಷತ್ರವಿದ್ದ ತುದಿಯಲ್ಲಿ ಐದು ಮೂಲೆಯ ಕೆಂಪು ನಕ್ಷತ್ರ ಬಂತು. ಉಡುಗೊರೆ ತರುವ ಕೆಲಸ ‘ಹಿಮತಾತ’ ದೇದ್ ಮೊರೋಜ್‌ನ ಪಾಲಾಯಿತು. ಮರವನ್ನು ಮರಳಿಸಿದ ಪೋಸ್ತಿಷೆವ್ ಮಾತ್ರ ಸ್ಟಾಲಿನ್ನನ ಆಳ್ವಿಕೆಯಲ್ಲೇ ಬಂಧನಕ್ಕೊಳಗಾಗಿ 1939ರಲ್ಲಿ ಗುಂಡಿಗೆ ಬಲಿಯಾದರು. ರಷ್ಯಾದಲ್ಲಿ ಜನವರಿ 7ರ ಕ್ರಿಸ್‌ಮಸ್ ಮತ್ತೆ ಸರ್ಕಾರಿ ರಜೆಯಾದದ್ದು 1991ರಲ್ಲಿ. ಆದರೂ ಹೊಸ ವರ್ಷದ ಮರ ಹೋಗಲಿಲ್ಲ. ಇಸ್ರೇಲಿಗೆ ವಲಸೆ ಹೋದ ರಷ್ಯನ್ ಯಹೂದಿಗಳ ಮನೆಗಳಲ್ಲೂ ಅದು ಇಂದಿಗೂ ನಿಲ್ಲುತ್ತದೆ.

ಬೇಡವೆನ್ನುವವರ ವಾದ

ಹಾಗೆಂದು ನಾಸ್ತಿಕರೆಲ್ಲ ಒಂದೇ ಮಾತು ಆಡುತ್ತಾರೆ ಎಂದಲ್ಲ. ಅಮೆರಿಕದ ಜಾತ್ಯತೀತ ಮಾನವತಾವಾದಿ ಟಾಮ್ ಫ್ಲಿನ್ 1993ರಲ್ಲಿ ‘ದಿ ಟ್ರಬಲ್ ವಿತ್ ಕ್ರಿಸ್‌ಮಸ್’ ಎಂಬ ಪುಸ್ತಕ ಬರೆದರು. ಡಿಸೆಂಬರ್ 25ರಂದೂ ಅವರು ಎಂದಿನಂತೆ ಕಚೇರಿಗೆ ಹೋಗುತ್ತಿದ್ದರು. ನಂಬದವರೂ ಹಬ್ಬ ಮಾಡಿದರೆ ಇಡೀ ದೇಶವೇ ಕ್ರೈಸ್ತ ಎಂಬ ಭಾವನೆಗೆ ನಾವೇ ಬಲ ಕೊಟ್ಟಂತೆ ಎಂಬುದು ಅವರ ವಾದದ ತಿರುಳು. ಅವರು 2021ರಲ್ಲಿ ತೀರಿಕೊಂಡರು. ಇದಕ್ಕೆ ಎದುರಾಗಿ, ಧರ್ಮದ ಕಟು ಟೀಕಾಕಾರ ರಿಚರ್ಡ್ ಡಾಕಿನ್ಸ್ ತಾವು ಸಂಸ್ಕೃತಿಯಿಂದ ಕ್ರೈಸ್ತರೆಂದೂ ಕ್ರಿಸ್‌ಮಸ್ ಗೀತೆಗಳನ್ನು ಹಾಡುವುದು ತಮಗೆ ಇಷ್ಟವೆಂದೂ 2007ರಲ್ಲಿ ಹೇಳಿದರು.

ಫ್ಲಿನ್ನರ ಆತಂಕ ಹುರುಳಿಲ್ಲದ್ದಲ್ಲ ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ 1984ರ ತೀರ್ಪನ್ನು ನೋಡಬಹುದು. ಪಾಟಕೆಟ್ ನಗರಾಡಳಿತ ಕ್ರಿಸ್‌ಮಸ್ ಅಲಂಕಾರದಲ್ಲಿ ಯೇಸು ಜನನದ ಗೊಂಬೆಗಳನ್ನು ಇಟ್ಟದ್ದು ಸರಿಯೇ ಎಂಬುದು ಅಲ್ಲಿನ ಪ್ರಶ್ನೆ. ಸಾಂತಾಕ್ಲಾಸ್, ಹಿಮಸಾರಂಗಗಳ ನಡುವೆ ಅದೊಂದು ಹಬ್ಬದ ಪ್ರದರ್ಶನ ಅಷ್ಟೇ ಎಂದು ಐವರು ನ್ಯಾಯಮೂರ್ತಿಗಳು ಒಪ್ಪಿದರು, ನಾಲ್ವರು ಒಪ್ಪಲಿಲ್ಲ. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಎತ್ತಿದ ಮಾತು ಯೋಚಿಸುವಂಥದು. ಪವಿತ್ರ ಸಂಕೇತವನ್ನು ಬರೀ ಅಲಂಕಾರವೆಂದು ಹೇಳಿ ಗೆಲ್ಲಿಸಿದರೆ ಭಕ್ತರಿಗೆ ಅದು ಗೆಲುವೇ ಎಂಬುದು ಅವರ ಆಕ್ಷೇಪದ ಸಾರ.

ಹೀಗೆ ನೋಡಿದಾಗ ಪ್ರಶ್ನೆ ಎರಡಾಗಿ ಒಡೆಯುತ್ತದೆ. ಒಂದು ಮನೆಯದು, ಇನ್ನೊಂದು ಸರ್ಕಾರದ್ದು. ಸರ್ಕಾರ ಹಬ್ಬ ಮಾಡಲು ಹೊರಟಾಗ ಹೊರಗೆ ಉಳಿದವರ ದೂರನ್ನು ಕೇಳಲೇಬೇಕು. ಮನೆಯ ಮಟ್ಟಿಗೆ, ನಂಬದವನು ಹಬ್ಬ ಮಾಡಬಾರದೆನ್ನಲು ಇತಿಹಾಸದಲ್ಲಿ ಆಧಾರ ಸಿಗುವುದಿಲ್ಲ. ಆದರೆ ಆತನಿಗೂ ಕೆಲವು ಜವಾಬ್ದಾರಿಗಳಿವೆ. ಮನಸ್ಸಿಗೆ ಒಪ್ಪದ ಪ್ರಾರ್ಥನೆಯನ್ನು ತೋರಿಕೆಗೆ ಹೇಳಬೇಕಾಗಿಲ್ಲ. ನಿಮ್ಮದು ಕದ್ದು ತಂದ ಹಬ್ಬವೆಂದು ಭಕ್ತರನ್ನು ಹೀಯಾಳಿಸುವುದೂ ಸಲ್ಲದು. ಅರ್ಧರಾತ್ರಿಯ ಪೂಜೆಗೆ ಹೋಗುವವರಿಗೆ ಆ ದಿನದ ಅರ್ಥವೇ ಬೇರೆ. ಹಬ್ಬ ಬೇಡವೆಂದು ದೂರ ಇರುವವರನ್ನು ಬಲವಂತ ಮಾಡದಿರುವುದೂ ಅಷ್ಟೇ ಮುಖ್ಯ.

ನಮ್ಮಲ್ಲಿ ಬಹುಮಂದಿಗೆ ಕ್ರಿಸ್‌ಮಸ್ ನೆರೆಮನೆಯ ಹಬ್ಬ. ಮಂಗಳೂರಿನ ಕ್ರೈಸ್ತರ ಮನೆಗಳಿಂದ ಕುಸ್ವಾರಿನ ತಟ್ಟೆ ಪಕ್ಕದ ಮನೆಗೆ ಬಂದಾಗ ಯಾರೂ ಯಾರ ನಂಬಿಕೆಯನ್ನೂ ವಿಚಾರಿಸುವುದಿಲ್ಲ. ಪಶ್ಚಿಮದ ನಾಸ್ತಿಕನ ಕ್ರಿಸ್‌ಮಸ್ಸಿಗೆ ಹೋಲಿಸಬೇಕಾದ್ದು ದೇವರ ಕೋಣೆಗೆ ಹೋಗದಿದ್ದರೂ ಯುಗಾದಿಯಂದು ಬೇವು-ಬೆಲ್ಲಕ್ಕೆ ಕೈ ಒಡ್ಡುವ ನಮ್ಮ ಮನೆಗಳ ವಿಚಾರವಾದಿಯನ್ನು. ಆತ ತಿನ್ನುವುದು ಅಮ್ಮ ಕೊಟ್ಟಳೆಂದು, ಮನೆಯವರೆಲ್ಲ ಅಂದು ಒಟ್ಟಿಗೆ ಕೂತಿದ್ದಾರೆಂದು.

1647ರ ಸಂಸತ್ತಿಗೆ ತಿಳಿಯದೆ ಹೋದದ್ದೂ ಇದೇ. ತಿಂಗಳಿಗೊಂದು ಮಂಗಳವಾರ ಕೊಟ್ಟರೆ ಜನ ಹಬ್ಬವನ್ನು ಮರೆತಾರು ಎಂದು ಅದು ಎಣಿಸಿತು. ಆ ಮಂಗಳವಾರಗಳು ಇಂದು ಇತಿಹಾಸದ ಪುಸ್ತಕಗಳಲ್ಲಿ ಮಾತ್ರ ಸಿಗುತ್ತವೆ. ಕ್ರಿಸ್‌ಮಸ್ ಪ್ರತಿ ಡಿಸೆಂಬರಿನಲ್ಲೂ ಬರುತ್ತಿದೆ, ನಂಬುವವರ ಮನೆಗೂ ನಂಬದವರ ಮನೆಗೂ.