ಗಿರಣಿ ನಿಂತ ಊರಲ್ಲಿ ಕಾಲೇಜು ಬೆಳೆಸಿದವರು

ದಾವಣಗೆರೆಗೆ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರಿತ್ತು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು, ಕಿರ್ಲೋಸ್ಕರ್ ಕೂಡ ಬಾಗಿಲು ಹಾಕಿತು. ಹರಿಹರ ಸೊರಗಿತು. ದಾವಣಗೆರೆ ಮಾತ್ರ ಕಾಲೇಜು, ಹಾಸ್ಟೆಲ್, ಖಾನಾವಳಿಗಳ ಮೇಲೆ ಬದುಕುವುದನ್ನು ಕಲಿಯಿತು. ಈ ಬದಲಾವಣೆಯ ಜೊತೆ ಸೇರಿಕೊಂಡ ಹೆಸರು ಶಾಮನೂರು ಶಿವಶಂಕರಪ್ಪ.

1931ರಲ್ಲಿ ಹುಟ್ಟಿದ ಅವರು ವ್ಯಾಪಾರದಿಂದ ಮೇಲೆ ಬಂದವರು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಊರಿನ ಹಲವರು ಸೇರಿ ಕಟ್ಟಿದ್ದು. ಅದರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ, ಎಂಜಿನಿಯರಿಂಗ್ ಕಾಲೇಜು 1979ರಲ್ಲಿ ಬಂದವು. ದಶಕಗಳ ಕಾಲ ಗೌರವ ಕಾರ್ಯದರ್ಶಿಯಾಗಿ ಸಂಸ್ಥೆಯನ್ನು ನಡೆಸಿದವರು ಶಿವಶಂಕರಪ್ಪ. 2006ರಲ್ಲಿ ಅವರದೇ ಹೆಸರಿನ ಎಸ್.ಎಸ್. ವೈದ್ಯಕೀಯ ಕಾಲೇಜೂ ಶುರುವಾಯಿತು.

ರಾಜಕೀಯ ಜೊತೆಜೊತೆಗೇ ನಡೆಯಿತು. 1994ರಲ್ಲಿ ಶಾಸಕ, 1998ರಲ್ಲಿ ಸಂಸದ. ದಾವಣಗೆರೆ ದಕ್ಷಿಣ ಕ್ಷೇತ್ರದಲ್ಲಿ 2008ರಿಂದ 2023ರವರೆಗೆ ನಾಲ್ಕೂ ಚುನಾವಣೆ ಗೆದ್ದರು. 2016ರಲ್ಲಿ ತಮ್ಮ ಮಂತ್ರಿಗಿರಿ ಹೋದಾಗ ಮಗ ಮಲ್ಲಿಕಾರ್ಜುನ ಮಂತ್ರಿಯಾದರು. 2024ರಲ್ಲಿ ಸೊಸೆ ಪ್ರಭಾ ಸಂಸದೆಯಾದರು. ಅದೇ ಚುನಾವಣೆಯಲ್ಲಿ ಎದುರಾಳಿ ಅಭ್ಯರ್ಥಿ ಅಡುಗೆ ಮಾಡೋಕೇ ಲಾಯಕ್ಕು ಅನ್ನೋ ಅರ್ಥದ ಮಾತಾಡಿ ಟೀಕೆಗೆ ಗುರಿಯಾದರು. ವೀರಶೈವ ಮಹಾಸಭಾದ ಅಧ್ಯಕ್ಷರಾಗಿ ಪ್ರತ್ಯೇಕ ಲಿಂಗಾಯತ ಧರ್ಮವನ್ನೂ ಜಾತಿ ಗಣತಿಯನ್ನೂ ವಿರೋಧಿಸಿ ತಮ್ಮದೇ ಪಕ್ಷದ ಸರ್ಕಾರದ ಎದುರು ನಿಂತರು.

ಆದರೆ ಜನರಿಗೆ ಹತ್ತಿರದ ಪ್ರಶ್ನೆ ಸೀಟಿನದು. ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ ರಾಜ್ಯ ಕಾನೂನು ತಂದದ್ದು 1984ರಲ್ಲಿ. ತುಮಕೂರಿನ ಕಾಲೇಜೊಂದರ ವಿರುದ್ಧದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶುಲ್ಕವನ್ನು ಒಪ್ಪಲಿಲ್ಲ. ಆದರೂ ಖಾಸಗಿ ವೈದ್ಯಕೀಯ ಸೀಟು ರೈತರ ಮಕ್ಕಳ ಕೈಗೆ ಸಿಗುವಷ್ಟು ಅಗ್ಗವಾಗಲಿಲ್ಲ. 2021ರಲ್ಲಿ ಜೆ.ಜೆ.ಎಂ. ಕಾಲೇಜಿನ ಸರ್ಕಾರಿ ಸೀಟಿನ ಕಿರಿಯ ವೈದ್ಯರು ತಿಂಗಳುಗಟ್ಟಲೆ ಬಾಕಿಯಿದ್ದ ಸ್ಟೈಪೆಂಡ್ ಕೇಳಿ ಧರಣಿ ಕೂತರು. ಕೊಡಬೇಕಾದವರು ಸರ್ಕಾರವೋ ಕಾಲೇಜೋ ಅನ್ನೋದೇ ಆಗಿನ ಜಗಳ.

ಮರುವರ್ಷ, 2022ರ ಮಾರ್ಚ್ 1ರಂದು, ಹೊಳೆಯಾಚೆಯ ರಾಣೆಬೆನ್ನೂರು ತಾಲ್ಲೂಕಿನ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ರಷ್ಯಾದ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಒಳ್ಳೇ ಅಂಕ ತೆಗೆದಿದ್ದ ಹುಡುಗ. ಇಲ್ಲಿ ಖಾಸಗಿ ಸೀಟಿಗೆ ಹಣ ಹೊಂದಿಸಲಾಗದೆ ಅಲ್ಲಿಗೆ ಹೋಗಿದ್ದ. ಮೂರು ವಾರದ ನಂತರ ದೇಹ ಊರಿಗೆ ಬಂತು. ಮನೆಯವರು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೇ ದಾನ ಕೊಟ್ಟರು.

ಶಿವಶಂಕರಪ್ಪ 2025ರ ಡಿಸೆಂಬರ್ 14ರಂದು ತೀರಿಕೊಂಡರು. ಅವರ ಸಂಸ್ಥೆಗಳಿಂದ ಈ ಊರಿಗೆ ಸಾವಿರಾರು ವೈದ್ಯರು, ಎಂಜಿನಿಯರುಗಳು, ದೊಡ್ಡ ಆಸ್ಪತ್ರೆಗಳು ಸಿಕ್ಕಿದ್ದು ನಿಜ. ಆದರೆ ಶುಲ್ಕ ನಿಯಂತ್ರಿಸುವ ಕಾನೂನು ಮಾಡುವ ಸದನದಲ್ಲಿ ಕಾಲೇಜು ನಡೆಸುವವರೇ ಕೂತಾಗ, ಸೀಟು ಸಿಗದ ಮಕ್ಕಳ ಪರ ಮಾತಾಡೋರು ಯಾರು? ಈ ಪ್ರಶ್ನೆ ಅವರೊಬ್ಬರದಲ್ಲ, ಎಲ್ಲಾ ಪಕ್ಷಗಳದ್ದು. ಮುಂದಿನ ಸಲ ಓಟು ಕೇಳಲು ಬಂದವರನ್ನು ನಾವು ಕೇಳಬೇಕಾದದ್ದೂ ಇದನ್ನೇ.