ಬಣ್ಣದ ಮೇಲೊಂದು ಬಣ್ಣವಿಲ್ಲದ ಪದರ

ಹೊಸ ಕಾರು ಬುಕ್ ಮಾಡಿದವರಿಗೆ ಡೆಲಿವರಿಗೆ ಮುಂಚೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ್, ಕೋಟಿಂಗ್ ಮಾಡಿಸ್ತೀರಾ?" ಕೆಲವು ವರ್ಷಗಳ ಹಿಂದೆ ಆ ಕೋಟಿಂಗ್‌ನ ಹೆಸರು ಟೆಫ್ಲಾನ್ ಅಂತಿತ್ತು. ಆಮೇಲೆ ಸೆರಾಮಿಕ್ ಬಂತು. ಈಗ ಗ್ರಾಫೀನ್. ಕಾರು ಹುಚ್ಚಿನ ಮೂರು ಜನ ಟೀ ಅಂಗಡಿ ಮುಂದೆ ಸೇರಿದರೆ ಅರ್ಧ ಗಂಟೆ ಇದೇ ಚರ್ಚೆ. ಒಬ್ಬ "ಮಾಡಿಸು ಗುರು, ನೀರು ಹಾಕಿದ್ರೆ ಸಾಕು, ಕೊಳೆ ಜಾರ್ಕೊಂಡು ಹೋಗುತ್ತೆ" ಅಂತಾನೆ. ಇನ್ನೊಬ್ಬ "ಎಲ್ಲಾ ಬೊಗಳೆ, ಆ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸು" ಅಂತಾನೆ. ಮೂರನೆಯವನು ಜಾಣ, "ಬೇರೆಯವರ ಕಾರಲ್ಲಿ ಒಂದು ಮಳೆಗಾಲ ನೋಡೋಣ" ಅಂತ ಟೀ ಕುಡೀತಾನೆ.

ಈ ವಾದ ಹೊಸದೇನಲ್ಲ. ಕಾರಿಗೆ ಎಷ್ಟು ವಯಸ್ಸೋ ಹೆಚ್ಚುಕಡಿಮೆ ಇದಕ್ಕೂ ಅಷ್ಟೇ ವಯಸ್ಸು. ನೂರು ವರ್ಷದ ಈ ಕಥೆಯಲ್ಲಿ ಒಂದು ತಮಾಷೆ ಇದೆ: ಬಣ್ಣದ ಮೇಲೆ ಏನು ಹಚ್ಚಬೇಕು ಅಂತ ಪ್ರತಿ ತಲೆಮಾರೂ ಹೊಡೆದಾಡಿದೆ. ಹಚ್ಚುವ ಮುಂಚೆ ಬಣ್ಣದಿಂದ ಎಷ್ಟನ್ನು ತೆಗೀತಾರೆ ಅಂತ ಕೇಳಿದವರು ಕಮ್ಮಿ.

ಮೊದಲಿನ ಕಾರುಗಳಿಗೆ ಬಣ್ಣ ಬಳಿಯುತ್ತಿದ್ದದ್ದು ಕುದುರೆ ಸಾರೋಟಿಗೆ ಬಳಿದ ಹಾಗೆಯೇ. ಎಣ್ಣೆ ಬಣ್ಣ, ಅದರ ಮೇಲೆ ವಾರ್ನಿಷ್, ಒಣಗಿದ ಮೇಲೆ ಉಜ್ಜು, ಮತ್ತೆ ಬಳಿ. ಒಂದು ಕಾರಿಗೆ ಎರಡರಿಂದ ನಾಲ್ಕು ವಾರ ಹಿಡಿಯುತ್ತಿತ್ತು. ಹೆನ್ರಿ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಮಾರಿದ ಕಥೆ ಎಲ್ಲರಿಗೂ ಗೊತ್ತು. ಎಲ್ಲಕ್ಕೂ ಒಂದೇ ಬಣ್ಣವಾದರೆ ಓಡುವ ಸಾಲಿನಲ್ಲಿ ಕೆಲಸ ಸಲೀಸು. ಕಪ್ಪು ಎನಾಮೆಲ್ ಅಗ್ಗ, ಗಟ್ಟಿ, ಒಲೆಯಲ್ಲಿ ಬೇಯಿಸಿ ಬೇಗ ಒಣಗಿಸಬಹುದಿತ್ತು.

ಬೇರೆ ಬಣ್ಣ ಬೇಕೆಂದವರ ಕಷ್ಟ ಬೇರೆ. ಎಣ್ಣೆ ಬಣ್ಣ, ವಾರ್ನಿಷ್ ಎರಡಕ್ಕೂ ಬಿಸಿಲೆಂದರೆ ಆಗದು. ಕೆಲವೇ ತಿಂಗಳಲ್ಲಿ ಹೊಳಪು ಹೋಗಿ, ಮೇಲ್ಮೈ ಸುಣ್ಣ ಬಳಿದ ಗೋಡೆಯ ಹಾಗೆ ಪುಡಿಪುಡಿಯಾಗುತ್ತಿತ್ತು. ಈ ಸಂಕಟವನ್ನೇ ಬಂಡವಾಳ ಮಾಡಿಕೊಂಡು 1910ರಲ್ಲಿ ಶಿಕಾಗೋದಲ್ಲಿ ಹುಟ್ಟಿದ್ದು ಸೈಮನೈಜ್ ಕಂಪನಿ. ಅದರ ಮೇಣ ಎಷ್ಟು ಮನೆಮಾತಾಯಿತೆಂದರೆ, ಕಾರಿಗೆ ಹೊಳಪು ಕೊಡುವುದಕ್ಕೆ 'ಸೈಮನೈಜ್ ಮಾಡು' ಎಂಬ ಕ್ರಿಯಾಪದವೇ ಇಂಗ್ಲಿಷ್ ನಿಘಂಟು ಸೇರಿತು. ನಾವು ಫೋಟೊಕಾಪಿಗೆ ಜೆರಾಕ್ಸ್ ಅಂತೀವಲ್ಲ, ಹಾಗೆ.

ಆದರೆ ಸೈಮನೈಜ್ ಒಂದು ಡಬ್ಬಿಯಲ್ಲಿ ಮುಗಿಯುವ ಕೆಲಸ ಆಗಿರಲಿಲ್ಲ. ಮೊದಲು ಅವರದೇ ಕ್ಲೀನರ್ ಹಾಕಿ ಉಜ್ಜಬೇಕು, ಆಮೇಲೆ ಮೇಣ. ಉಜ್ಜಿದಾಗ ಪುಡಿಯಾದ ಸತ್ತ ಪದರ ಹೋಗಿ ಒಳಗಿನ ತಾಜಾ ಬಣ್ಣ ಮೇಲೆ ಬರುತ್ತಿತ್ತು. "ಆಹಾ, ಮೇಣ ಎಂಥಾ ಹೊಳಪು ಕೊಡ್ತು!" ಅಂತ ಜನ ಬೆರಗಾಗುತ್ತಿದ್ದರು. ಹೊಳಪಿನ ಬಹುಪಾಲು ಉಜ್ಜಿದ್ದರಿಂದ ಬಂದದ್ದು. ಮೇಣ ಅದನ್ನು ಒಂದಷ್ಟು ದಿನ ಹಿಡಿದಿಟ್ಟಿತು, ಅಷ್ಟೇ. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1923ರ ಕೊನೆಯ ಹೊತ್ತಿಗೆ ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಕಾರನ್ನು 'ಟ್ರೂ ಬ್ಲೂ' ಎಂಬ ನೀಲಿಯಲ್ಲಿ ಹೊರತಂದಿತು. ಬಣ್ಣದ ಹೆಸರು ಡ್ಯೂಕೊ, ಮಾಡಿದ್ದು ಡ್ಯೂಪಾಂಟ್. ಮೊದಲನೇ ಮಹಾಯುದ್ಧದಲ್ಲಿ ಸಿಡಿಮದ್ದು ಮಾರಿ ದುಡ್ಡು ಮಾಡಿದ್ದ ಕಂಪನಿ ಅದು. ಆ ಮದ್ದಿನ ಮೂಲವಸ್ತು ನೈಟ್ರೊಸೆಲ್ಯುಲೋಸ್. ಅದೇ ಜಾತಿಯ ವಸ್ತು ಈಗ ಕಾರಿನ ಬಣ್ಣವಾಯಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು, ರಸ್ತೆ ತುಂಬ ಬಣ್ಣಬಣ್ಣದ ಕಾರು ಬಂದವು. ಒಂದೇ ತೊಡಕೆಂದರೆ ಡ್ಯೂಕೊ ತಾನಾಗಿ ಹೊಳೆಯುತ್ತಿರಲಿಲ್ಲ. ಕಾರ್ಖಾನೆಯಲ್ಲೂ ಉಜ್ಜಬೇಕು, ಮನೆಯಲ್ಲೂ ಉಜ್ಜಬೇಕು. ಭಾನುವಾರ ಬೆಳಿಗ್ಗೆ ಕಾರು ಪಾಲಿಶ್ ಮಾಡುವ ಅಮೆರಿಕದ ಗಂಡಸರ ಅಭ್ಯಾಸಕ್ಕೆ ಇಂಥ ಬಣ್ಣಗಳೇ ನೀರೆರೆದವು.

ಉಜ್ಜಿದ ಮೇಲೆ ಹಚ್ಚುವ ಮೇಣಗಳ ರಾಜ ಕಾರ್ನೌಬಾ. ಈಶಾನ್ಯ ಬ್ರೆಜಿಲ್‌ನ ಒಣ ಸೀಮೆಯ ಒಂದು ತಾಳೆ ಜಾತಿಯ ಮರ. ಬೇಸಗೆಯಲ್ಲಿ ಎಲೆಯ ನೀರು ಆರಿಹೋಗದಿರಲಿ ಅಂತ ಮರ ತನ್ನ ಎಲೆಗೆ ತಾನೇ ಮೇಣ ಬಳಿದುಕೊಳ್ಳುತ್ತದೆ. ಎಲೆ ಕಡಿದು, ಒಣಗಿಸಿ, ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಕರಗುವುದು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ, ಹಾಗಾಗಿ ಬಿಸಿಲಿಗೆ ಕಾದ ಬಾನೆಟ್ ಮೇಲೂ ಒಂದಷ್ಟು ತಾಳುತ್ತದೆ. ಇದರ ಬೇಡಿಕೆ ಎಷ್ಟಿತ್ತೆಂದರೆ, ವಿಸ್ಕಾನ್ಸಿನ್‌ನ ಎಸ್.ಸಿ. ಜಾನ್ಸನ್ ಮೇಣದ ಕಂಪನಿಯ ಯಜಮಾನ ಹರ್ಬರ್ಟ್ ಜಾನ್ಸನ್ 1935ರಲ್ಲಿ ನೀರಿನ ಮೇಲೂ ಇಳಿಯುವ ಸಿಕೋರ್ಸ್ಕಿ ವಿಮಾನ ಹತ್ತಿ ಬ್ರೆಜಿಲ್‌ಗೆ ಹಾರಿದ, ಈ ಮರಗಳು ಮುಂದೆಯೂ ಸಾಕಷ್ಟು ಸಿಗುತ್ತವಾ ಅಂತ ನೋಡಿಬರಲು.

1940ರ ದಶಕದಲ್ಲಿ ಶಿಕಾಗೋದಲ್ಲೇ ಬೆನ್ ಹರ್ಷ್ ಎಂಬಾತ ಪ್ಲಾಸ್ಟೋನ್ ಎಂಬ ದ್ರವ ಪಾಲಿಶ್ ಮಾರಲು ಹೊರಟ. ನಿಂತಿದ್ದ ಕಾರುಗಳ ಒಂದು ಮಡ್‌ಗಾರ್ಡ್ ಮಾತ್ರ ಹೊಳೆಯುವಂತೆ ಉಜ್ಜಿ, ಮಾಲೀಕ ಬರುವವರೆಗೆ ಕಾಯುತ್ತಿದ್ದನಂತೆ. ಮುಕ್ಕಾಲು ಕಾರು ಮಂಕು, ಒಂದು ಮೂಲೆ ಮಿಂಚು ಅಂದರೆ ಯಾರು ತಾನೇ ಡಬ್ಬಿ ಕೊಳ್ಳದೆ ಹೋಗುತ್ತಾರೆ? ಆಮೇಲೆ ಆ ಪಾಲಿಶ್‌ಗೆ ಹೊಸ ಹೆಸರು ಬಂತು: ಟರ್ಟಲ್ ವ್ಯಾಕ್ಸ್. ಇವತ್ತು ಡಿಟೇಲಿಂಗ್ ಅಂಗಡಿಗಳು ಬಾನೆಟ್‌ನ ಮಧ್ಯೆ ಟೇಪ್ ಅಂಟಿಸಿ, ಅರ್ಧಕ್ಕೆ ಮಾತ್ರ ಪಾಲಿಶ್ ಹೊಡೆದು ತೆಗೆಯುವ ವಿಡಿಯೋ ಇದರ ಮೊಮ್ಮಗ.

ದೊಡ್ಡ ಬದಲಾವಣೆ ಬಂದದ್ದು 1980ರ ದಶಕದಲ್ಲಿ. ಬಣ್ಣದ ಪದರದ ಮೇಲೆ ಬಣ್ಣವೇ ಇಲ್ಲದ, ಪಾರದರ್ಶಕವಾದ 'ಕ್ಲಿಯರ್ ಕೋಟ್' ಹಾಕುವುದು ವ್ಯಾಪಕವಾಯಿತು. ಇದರಲ್ಲಿ ನೇರಳಾತೀತ ಕಿರಣವನ್ನು ಹೀರುವ ರಾಸಾಯನಿಕಗಳಿರುತ್ತವೆ. ಬಿಸಿಲಿನ ಏಟು ಇದು ತಿನ್ನುತ್ತದೆ, ಕೆಳಗಿನ ಬಣ್ಣ ಉಳಿಯುತ್ತದೆ. ಅಂದರೆ ನಿಮ್ಮ ಕಾರಿಗೆ ಒಂದು 'ಪ್ರೊಟೆಕ್ಟಿವ್ ಕೋಟಿಂಗ್' ಕಾರ್ಖಾನೆಯಲ್ಲೇ ಆಗಿರುತ್ತದೆ. ಸುಮಾರು 40-50 ಮೈಕ್ರಾನ್ ದಪ್ಪ, ತಲೆಕೂದಲಿಗಿಂತ ತೆಳು. ಅದನ್ನೂ ಸುಧಾರಿಸುತ್ತಲೇ ಬಂದರು. 2003ರಲ್ಲಿ ಮರ್ಸಿಡಿಸ್ ಕ್ಲಿಯರ್ ಕೋಟ್‌ನಲ್ಲಿ ಸೆರಾಮಿಕ್ ನ್ಯಾನೋ ಕಣ ಸೇರಿಸಿತು, 2005ರಲ್ಲಿ ನಿಸಾನ್ ಸಣ್ಣ ಗೀರು ತಾನಾಗಿ ಮುಚ್ಚಿಕೊಳ್ಳುವ ಕ್ಲಿಯರ್ ಕೋಟ್ ತಂದಿತು.

ಬಣ್ಣ ಗಟ್ಟಿಯಾದಂತೆ ಮೇಣ ಮಾರುವವರ ಧಂದೆ ಮುಚ್ಚಬೇಕಿತ್ತು ತಾನೇ? ಮುಚ್ಚಲಿಲ್ಲ. ಹೊಸ ಹೆಸರುಗಳು ಬಂದವು. ಟೆಫ್ಲಾನ್ ತಗೊಳ್ಳಿ. 1938ರಲ್ಲಿ ಡ್ಯೂಪಾಂಟ್‌ನ ರಾಯ್ ಪ್ಲಂಕೆಟ್ ಕಂಡುಹಿಡಿದ ಈ ವಸ್ತು ದೋಸೆ ಕಾವಲಿಯ ಮೇಲೆ ಭೇಷಾಗಿ ಕೂರುತ್ತದೆ. ಆದರೆ ಹಾಗೆ ಕೂರಬೇಕಾದರೆ ಅದನ್ನು ತನ್ನ ಕರಗುವ ಬಿಂದುವಾದ 327 ಡಿಗ್ರಿ ದಾಟಿಸಿ ಬೇಯಿಸಬೇಕು. ಅಷ್ಟು ಕಾವು ಕೊಟ್ಟರೆ ಕಾರಿನ ಬಣ್ಣ ಎಲ್ಲಿ ಉಳಿದೀತು? ಹಾಗಾಗಿ ಬಟ್ಟೆಯಲ್ಲಿ ಸವರಿದ 'ಟೆಫ್ಲಾನ್ ಕೋಟಿಂಗ್' ಕಾವಲಿಯ ಟೆಫ್ಲಾನ್ ಆಗಲು ಸಾಧ್ಯವೇ ಇರಲಿಲ್ಲ. ಆದರೂ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಅದನ್ನು ಜನ ದುಡ್ಡು ಕೊಟ್ಟು ಮಾಡಿಸಿದರು.

ಸೆರಾಮಿಕ್ ಇಷ್ಟು ಟೊಳ್ಳಲ್ಲ, ಅದನ್ನು ಒಪ್ಪಬೇಕು. ಜಪಾನಿನಲ್ಲಿ ಇದಕ್ಕೆ 'ಗ್ಲಾಸ್ ಕೋಟಿಂಗ್' ಅಂತಾರೆ. ಸಿಲಿಕಾ ಆಧಾರಿತ ದ್ರವ ಗಾಳಿಯ ತೇವದ ಜೊತೆ ವರ್ತಿಸಿ, ಕ್ಲಿಯರ್ ಕೋಟ್‌ಗೆ ಕಚ್ಚಿಕೊಂಡು ಗಾಜಿನಂಥ ಪದರವಾಗುತ್ತದೆ. ಮೇಣದ ಹಾಗೆ ಕೆಲವೇ ವಾರಕ್ಕೆ ತೊಳೆದುಹೋಗದೆ ವರ್ಷಗಟ್ಟಲೆ ಇರಬಲ್ಲದು. ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಮುತ್ತಾಗಿ ಉರುಳುತ್ತದೆ. ಆದರೆ ದಪ್ಪ? ಒಂದೆರಡು ಮೈಕ್ರಾನ್. ಇದು ಕಲ್ಲೇಟು ತಡೆಯುವುದಿಲ್ಲ. ಕಲ್ಲೇಟಿಗೆ ಬೇಕಾದದ್ದು 150-200 ಮೈಕ್ರಾನ್ ದಪ್ಪದ ಪಿಪಿಎಫ್ ಹಾಳೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳು ಸವೆಯದಿರಲಿ ಅಂತ 3ಎಂ ಕಂಪನಿ ಮಾಡಿದ ಪಾಲಿಯುರೆಥೇನ್ ಟೇಪಿನ ವಂಶ ಅದು.

ಬಾಟಲಿ ಮೇಲೆ ದೊಡ್ಡದಾಗಿ '9ಎಚ್' ಅಂತ ಬರೆದಿರುತ್ತಾರಲ್ಲ, ಅದನ್ನೂ ಸ್ವಲ್ಪ ನೋಡೋಣ. ಖನಿಜಗಳ ಗಡಸುತನಕ್ಕೆ 1812ರಲ್ಲಿ ಫ್ರೆಡರಿಕ್ ಮೋಸ್ ಮಾಡಿದ ಮಾಪನದಲ್ಲಿ ವಜ್ರ 10, ಮಾಣಿಕ್ಯ 9. '9ಎಚ್' ಕೇಳಿದವರಿಗೆ ಮಾಣಿಕ್ಯದ ಕವಚವೇ ಸಿಕ್ಕಿತು ಅನ್ನಿಸುವುದು ಸಹಜ. ಅದು ಪೆನ್ಸಿಲ್ ಪರೀಕ್ಷೆಯ ಅಂಕಿ. ಡ್ರಾಯಿಂಗ್ ಪೆನ್ಸಿಲ್‌ಗಳಲ್ಲಿ ಎಚ್‌ಬಿ, 2ಎಚ್ ಇರುತ್ತಲ್ಲ, ಆ ಸಾಲಿನ ತುದಿಯ 9ಎಚ್ ಪೆನ್ಸಿಲ್ ಗೀಚಿದರೂ ಗೀರಾಗಲಿಲ್ಲ ಅನ್ನೋದಷ್ಟೇ ಅರ್ಥ. ಪೆನ್ಸಿಲ್ ಕಡ್ಡಿ ಅಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣು. ರಸ್ತೆ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಮೋಸ್ ಮಾಪನದಲ್ಲಿ 7. ಧೂಳಿಗೆ ಈ ಪೆನ್ಸಿಲ್ ಲೆಕ್ಕ ಗೊತ್ತಿಲ್ಲ.

ಇನ್ನು ಗ್ರಾಫೀನ್. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತು ನೊವೊಸೆಲೊವ್ ಇದನ್ನು ಬೇರ್ಪಡಿಸಿ 2010ರಲ್ಲಿ ನೊಬೆಲ್ ಪಡೆದರು. ಅದರ ಗುಣಗಳೆಲ್ಲ ಅದ್ಭುತ, ಸುಳ್ಳಲ್ಲ. ಆದರೆ ಕಾರಿನ 'ಗ್ರಾಫೀನ್ ಕೋಟಿಂಗ್'ನ ಬಹುಪಾಲು ಅದೇ ಸಿಲಿಕಾ ಕುಟುಂಬದ ದ್ರವ, ಅದಕ್ಕೆ ಬೆರೆಸಿದ್ದು ಒಂದಿಷ್ಟು ಗ್ರಾಫೀನ್ ಆಕ್ಸೈಡ್. ಎಷ್ಟು ಬೆರೆಸಿದ್ದೇವೆ ಅಂತ ಬಾಟಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಟೀ ಅಂಗಡಿಯ ಮೂರನೆಯವನು ಒಂದು ಮಳೆಗಾಲ ಕಾಯೋಣ ಅಂದದ್ದರಲ್ಲಿ ತಪ್ಪೇನಿಲ್ಲ.

ಈಗ ಸೈಮನೈಜ್‌ನ ಆ ಎರಡು ಡಬ್ಬಿ ನೆನಪಿಸಿಕೊಳ್ಳಿ. ಯಾವ ಕೋಟಿಂಗ್ ಆದರೂ ಹಚ್ಚುವ ಮುಂಚೆ 'ಪೇಂಟ್ ಕರೆಕ್ಷನ್' ಅಂತ ಒಂದು ಹಂತವಿರುತ್ತದೆ. ಹಳೆಯ ಗೀರುಗಳನ್ನು ಉಳಿಸಿ ಮೇಲೆ ಕೋಟಿಂಗ್ ಹಚ್ಚಿದರೆ ಅವು ಹಾಗೇ ಕಾಣುತ್ತವೆ, ಅದಕ್ಕೆ ಮೊದಲು ಮೆಷಿನ್‌ನಲ್ಲಿ ಉಜ್ಜಿ ಸಮ ಮಾಡುತ್ತಾರೆ. ಗೀರು ಮಾಯವಾಗುವುದು ಅದರ ಸುತ್ತಲಿನ ಕ್ಲಿಯರ್ ಕೋಟ್ ಅನ್ನು ಗೀರಿನ ಮಟ್ಟಕ್ಕೆ ಇಳಿಸುವುದರಿಂದ. ಉಜ್ಜುವವರ ಕೈ ಹೇಗಿದೆ ಅನ್ನೋದರ ಮೇಲೆ ಒಂದು ಮೈಕ್ರಾನ್ ಹೋಗಬಹುದು, ಐದೂ ಹೋಗಬಹುದು. ಒಂದೆರಡು ಮೈಕ್ರಾನ್ ಹಚ್ಚಲು ಐದು ಮೈಕ್ರಾನ್ ತೆಗೆದರೆ ಯಾವ ಲೆಕ್ಕದಲ್ಲಿ ಲಾಭ? ಹಚ್ಚಿದ್ದನ್ನು ಮತ್ತೆ ಹಚ್ಚಬಹುದು. ಬಿಸಿಲು ತಡೆಯುವ ಕಾರ್ಖಾನೆಯ ಪದರ ಒಮ್ಮೆ ಹೋದರೆ ಹೋಯಿತು, ಆಮೇಲೆ ಉಳಿಯುವ ದಾರಿ ರೀಪೇಂಟ್ ಒಂದೇ.

ಆ ಗೀರುಗಳು ಎಲ್ಲಿಂದ ಬಂದವು ಅಂತ ಯೋಚಿಸಿ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಜಾವ ಒಬ್ಬರು ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಸಾಲಾಗಿ ಹತ್ತು ಹದಿನೈದು ಕಾರು ಒರೆಸುತ್ತಾರೆ. ಮೊದಲ ಕಾರಿನ ಮರಳಿನ ಕಣ ಹತ್ತನೆಯ ಕಾರಿನ ಮೇಲೆ ಉಜ್ಜಾಡುತ್ತದೆ. ಅದು ಅವರ ತಪ್ಪಲ್ಲ. ತಿಂಗಳಿಗೆ ಕಾರಿಗೆ ಕೆಲವು ನೂರು ರೂಪಾಯಿ ಕೊಟ್ಟು, ನೀರೂ ಕೊಡದೆ, ಎಂಟು ಗಂಟೆಯೊಳಗೆ ಮುಗಿಸಿ ಅಂದರೆ ಇನ್ನೇನಾಗುತ್ತದೆ? ಸಾಲದ್ದಕ್ಕೆ ಬೋರ್‌ವೆಲ್ ನೀರು. ಅದರ ಕ್ಯಾಲ್ಸಿಯಂ ಒಣಗಿ ಬಿಳಿ ಕಲೆ ಕೂರುತ್ತದೆ. ಕೋಟಿಂಗ್ ಮಾಡಿದ ಕಾರಿನಲ್ಲಿ ನೀರು ಮುತ್ತುಮುತ್ತಾಗಿ ನಿಂತು ಒಣಗಿದರೆ ಪ್ರತಿ ಮುತ್ತೂ ತನ್ನದೊಂದು ಉಂಗುರ ಬಿಟ್ಟು ಹೋಗುತ್ತದೆ. ಐವತ್ತು ಸಾವಿರದ ಕೋಟಿಂಗ್ ಮಾಡಿಸುವವರು ಒರೆಸುವವರ ಕೈಗೆ ನಾಲ್ಕು ಒಳ್ಳೆಯ ಮೈಕ್ರೋಫೈಬರ್ ಬಟ್ಟೆ, ಇನ್ನೊಂದು ಬಕೆಟ್, ಮೇಲೆ ನೂರು ರೂಪಾಯಿ ಜಾಸ್ತಿ ಕೊಟ್ಟರೆ ಬಣ್ಣ ಅದಕ್ಕಿಂತ ಹೆಚ್ಚು ಉಳಿದೀತು.

ಹಾಗಾದರೆ ಕೋಟಿಂಗ್ ಬೇಡವೇ? ಬೆಂಗಳೂರಿನ ಮಟ್ಟಿಗೆ ಅದರ ಪರವಾಗಿ ಒಂದು ಗಟ್ಟಿ ಮಾತಿದೆ, ಅದು ಬ್ರೋಷರ್‌ನ ಮೇಲಿನ ಸಾಲಲ್ಲಿ ಇರುವುದಿಲ್ಲ. 2024ರ ಮಾರ್ಚಿನ ನೀರಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿತು. ಕೊಳೆ ಸುಲಭವಾಗಿ ಬಿಡುವ ಮೇಲ್ಮೈಗೆ ನೀರೂ ಕಮ್ಮಿ ಸಾಕು, ಉಜ್ಜುವುದೂ ಕಮ್ಮಿ. ಹಕ್ಕಿ ಹಿಕ್ಕೆ ಬಿದ್ದರೂ ಬಣ್ಣಕ್ಕೆ ಕಚ್ಚುವ ಮುಂಚೆ ಒರೆಸಲು ಸ್ವಲ್ಪ ಸಮಯ ಸಿಗುತ್ತದೆ. ಇಷ್ಟಕ್ಕೆ ದುಡ್ಡು ಕೊಡುತ್ತೀರಾದರೆ ಕೊಡಿ. ಗೀರು ಬೀಳದು, ಐದು ವರ್ಷ ಕಾರು ತೊಳೆಯಲೇಬೇಕಿಲ್ಲ ಅನ್ನೋ ಆಸೆಗೆ ಮಾತ್ರ ಕೊಡಬೇಡಿ.

ಅಂಗಡಿಗೆ ಹೋದಾಗ ಎಷ್ಟು ವರ್ಷ ವಾರಂಟಿ, ಎಷ್ಟು ಎಚ್ ಅಂತ ಕೇಳುವ ಮುಂಚೆ ಇನ್ನೊಂದು ಕೇಳಿ. ಬಣ್ಣದ ದಪ್ಪ ಅಳೆಯುವ ಗೇಜ್ ಅವರಲ್ಲಿದೆಯೇ? ಇದ್ದರೆ ಉಜ್ಜುವ ಮುಂಚೆ ಒಮ್ಮೆ, ಉಜ್ಜಿದ ಮೇಲೆ ಒಮ್ಮೆ ಅಳೆದು ಬರೆದುಕೊಡಲಿ. ಹೊಸ ಕಾರಾದರೆ ಹೆಚ್ಚು ಉಜ್ಜುವ ಅಗತ್ಯವೇ ಬರಬಾರದು. "ಎಷ್ಟು ಮೈಕ್ರಾನ್ ತೆಗೀತೀರಾ?" ಅಂದಾಗ ತಡವರಿಸದೆ ಉತ್ತರ ಕೊಡುವವರು ಸಿಕ್ಕರೆ, ಅವರು ಯಾವ ಹೆಸರಿನ ಬಾಟಲಿ ಬಳಸುತ್ತಾರೆ ಅನ್ನೋದು ಅಷ್ಟು ದೊಡ್ಡ ವಿಷಯ ಅಲ್ಲ.