ಎಂಜಿನ್ ಇಲ್ಲದ ಮಾರುತ

ಹಿರಿಯೂರು ಅಂದ ಕೂಡಲೇ ಬೆಂಗಳೂರಿನ ಗೆಳೆಯರಿಗೆ ನೆನಪಾಗೋದು ಎರಡೇ. ಒಂದು, ಹುಬ್ಬಳ್ಳಿ ಕಡೆ ಹೋಗೋ ಬಸ್ಸು ರಾತ್ರಿ ಟೀಗೆ ನಿಲ್ಲುವ ಊರು. ಇನ್ನೊಂದು ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ! ಆದ್ರೆ ಇವತ್ತು ನಾನು ಹೇಳಹೊರಟಿರೋದು ನೀರಿನ ಕಥೆ ಅಲ್ಲ, ಗಾಳಿಯ ಕಥೆ.

2023ರ ಆಗಸ್ಟ್ 20, ಭಾನುವಾರ. ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರದ ಹೊಲಕ್ಕೆ ಒಂದು ವಿಮಾನ ಬಂದು ಬಿತ್ತು. ಪೈಲಟ್ ಇಲ್ಲದ ವಿಮಾನ, ಡಿಆರ್‌ಡಿಒದ 'ತಪಸ್'. ರೆಕ್ಕೆಯ ಈ ತುದಿಯಿಂದ ಆ ತುದಿಗೆ 20 ಮೀಟರಿಗೂ ಹೆಚ್ಚು. ಇದಕ್ಕೂ ಮುಂಚೆ 2019ರ ಸೆಪ್ಟೆಂಬರಿನಲ್ಲಿ, ಇನ್ನೂ ರುಸ್ತುಂ-2 ಅಂತ ಕರೀತಿದ್ದಾಗ, ಇದೇ ಜಾತಿಯ ಇನ್ನೊಂದು ವಿಮಾನ ಚಿತ್ರದುರ್ಗದ ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿದ್ದಿತ್ತು. ಎರಡು ಸಲವೂ ಯಾರಿಗೂ ಏನೂ ಆಗಲಿಲ್ಲ.

"ಇಷ್ಟೊಂದು ದುಡ್ಡು ಸುರಿದು ಹೊಲಕ್ಕೆ ಬೀಳಿಸ್ತಾರಲ್ಲಪ್ಪಾ" ಅಂತ ಅನ್ನಿಸೋದು ಸಹಜ. ಇದಕ್ಕೆ ಉತ್ತರ ಸಿಗಬೇಕಾದ್ರೆ 1959ರ ಬೆಂಗಳೂರಿಗೆ ಹೋಗಬೇಕು. ಅಲ್ಲಿ ಒಂದು ಯುದ್ಧವಿಮಾನದ ಮಾದರಿ ಕಟ್ಟಿದ್ರು. ಸಣ್ಣಪುಟ್ಟ ಮಾದರಿಯಲ್ಲ, ನಿಜವಾದ ವಿಮಾನದಷ್ಟೇ ದೊಡ್ಡದು. ಮರದ್ದು. ಅದಕ್ಕೆ ಎಂಜಿನ್ನೇ ಇರಲಿಲ್ಲ!

ಮೊದಲು ಸ್ವಲ್ಪ ಹಿನ್ನೆಲೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದು 1940ರ ಡಿಸೆಂಬರಿನಲ್ಲಿ. ಯುದ್ಧದ ಕಾಲದಲ್ಲಿ ಅಲ್ಲಿ ಹೆಚ್ಚಿಗೆ ನಡೆದದ್ದು ಬೇರೆಯವರ ವಿಮಾನ ಜೋಡಿಸೋದು, ರಿಪೇರಿ ಮಾಡೋದು. 1942ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಏರೋನಾಟಿಕಲ್ ವಿಭಾಗ ಶುರುವಾಯಿತು. ಎಚ್‌ಎಎಲ್‌ನ ವಿನ್ಯಾಸ ವಿಭಾಗ ಕಟ್ಟಿದವರು ವಿ. ಎಂ. ಘಾಟಗೆ. ಜರ್ಮನಿಯ ಗಾಟಿಂಗೆನ್‌ನಲ್ಲಿ, ವಾಯುಚಲನ ಶಾಸ್ತ್ರದ ಪಿತಾಮಹ ಅನ್ನಬಹುದಾದ ಪ್ರಾಂಟ್ಲ್ ಅವರ ಕೈಕೆಳಗೆ ಓದಿ ಬಂದವರು. ಇವರ ಮುಂದಾಳತ್ವದಲ್ಲಿ ತಯಾರಾದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು.

ಅದಾದ ಮೇಲೆ ವಾಯುಪಡೆ ಕೇಳಿದ್ದು ಬಹಳ ದೊಡ್ಡದು. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗೋ ಯುದ್ಧವಿಮಾನ! ಪ್ರೊಪೆಲರ್ ತರಬೇತಿ ವಿಮಾನ ಮಾಡಿದ ಕಾರ್ಖಾನೆಗೆ ಇದು ಒಂದೇ ನೆಗೆತಕ್ಕೆ ಹತ್ತು ಮೆಟ್ಟಿಲು ಹತ್ತಿದ ಹಾಗೆ. ಅದಕ್ಕೇ 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನು ಕರೆಸಿದ್ರು. ಎರಡನೇ ಮಹಾಯುದ್ಧದ ಪ್ರಸಿದ್ಧ ಫೋಕ್-ವುಲ್ಫ್ 190 ವಿನ್ಯಾಸ ಮಾಡಿದವರು. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಗೆ ಹೋಗಿ ಪುಲ್ಕಿ-2 ಅನ್ನೋ ಜೆಟ್ ಮಾಡಿದ್ರು. ಅಲ್ಲೂ ಜೆಟ್ ಹಾರಿಸೋಕೆ ಮುಂಚೆ ಅದೇ ಆಕಾರದ ಗ್ಲೈಡರ್ ಮಾಡಿ ಹಾರಿಸಿ ನೋಡಿದ್ರು. ಆ ಪದ್ಧತಿ ಅವರ ಜೊತೆ ಬೆಂಗಳೂರಿಗೂ ಬಂತು.

ಬೆಂಗಳೂರಿನ ಗ್ಲೈಡರಿನ ಹೆಸರು ಎಕ್ಸ್-241. ಮುಂದೆ ಎಚ್‌ಎಫ್-24 'ಮಾರುತ' ಆಗಬೇಕಿದ್ದ ವಿಮಾನದ ಅಳತೆ, ಅದೇ ಹಿಂದಕ್ಕೆ ಬಾಗಿದ ರೆಕ್ಕೆ, ಅದೇ ನಿಯಂತ್ರಣ ವ್ಯವಸ್ಥೆ. ಫ್ಲಾಪ್, ಏರ್‌ಬ್ರೇಕ್, ಮಡಚಿಕೊಳ್ಳುವ ಚಕ್ರ, ಎಲ್ಲ ಇತ್ತು. ಮೈ ಮಾತ್ರ ಮರದ್ದು. ಒಂದು ಡಕೋಟಾ ವಿಮಾನ ಹಗ್ಗ ಕಟ್ಟಿ ಇದನ್ನ ಮೇಲಕ್ಕೆ ಎಳೆದುಕೊಂಡು ಹೋಗೋದು, ಅಲ್ಲಿ ಹಗ್ಗ ಬಿಡೋದು, ಪೈಲಟ್ ಗಾಳಿಯಲ್ಲಿ ತೇಲಿಸಿಕೊಂಡು ಕೆಳಗಿಳಿಸೋದು. 1959ರಲ್ಲಿ ಶುರುವಾಗಿ ಒಟ್ಟು 86 ಹಾರಾಟ. ಕೊನೆಗೊಂದು ಸಲ ಮೂತಿಯ ಚಕ್ರ ಹೊರಗೆ ಬರದೆ, ಇಳಿಯುವಾಗ ಗ್ಲೈಡರ್ ಜಖಂ ಆಯಿತು.

ಅಷ್ಟು ದೊಡ್ಡದು ಯಾಕೆ ಕಟ್ಟಬೇಕಿತ್ತು? ಸಣ್ಣದೊಂದು ಮಾಡಿ ರೇಡಿಯೋದಲ್ಲಿ ಹಾರಿಸಿದ್ರೆ ಆಗ್ತಿರಲಿಲ್ವಾ? ರೇಡಿಯೋ ಕಂಟ್ರೋಲ್ ವಿಮಾನದ ಹುಚ್ಚು ಇರೋ ನನ್ನಂಥವರಿಗೆ ಮೊದಲು ಬರೋ ಪ್ರಶ್ನೆ ಇದು.

ಲೆಕ್ಕ ಹಾಕೋಣ. ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ಅಗಲ 9 ಮೀಟರ್, ಖಾಲಿ ತೂಕ 6195 ಕೆಜಿ. ಇದರ ಐದನೇ ಒಂದರಷ್ಟು ಅಳತೆಯ ಮಾದರಿ ಕಟ್ಟಿದ್ರೆ ಉದ್ದ 3.17 ಮೀಟರ್, ರೆಕ್ಕೆ 1.8 ಮೀಟರ್. ಹವ್ಯಾಸಿಗಳ ಮಟ್ಟಿಗೆ ಇದು ದೈತ್ಯ ಮಾದರಿ. ಬಾಡಿಗೆ ಮನೆಯ ಹಾಲಿನಲ್ಲಿ ಇದನ್ನಿಟ್ಟರೆ ಸೋಫಾ ಹೊರಗೆ ಹೋಗಬೇಕು! ಈಗ ತೂಕ? ಐದನೇ ಒಂದು ಅಂತ 1239 ಕೆಜಿ ಅನ್ನಬೇಡಿ. ಒಂದು ರಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಮೂರನ್ನೂ ಐದನೇ ಒಂದಕ್ಕೆ ಇಳಿಸಿ ನೋಡಿ. ಅದರ ಮೈಗೆ ಬಳಿಯೋಕೆ ಮೊದಲಿನ 25ನೇ ಒಂದು ಪಾಲು ಬಣ್ಣ ಸಾಕು. ಒಳಗೆ ಹಿಡಿಯೋದು 125ನೇ ಒಂದು ಪಾಲು ರಾಗಿ. ಹಾಗಾಗಿ ನಿಜ ವಿಮಾನದ ನಡವಳಿಕೆ ಬೇಕಂದ್ರೆ ಮಾದರಿಯ ತೂಕ 6195ರ 125ನೇ ಒಂದು, ಅಂದ್ರೆ ಸುಮಾರು 50 ಕೆಜಿ ಇರಬೇಕು. ವೇಗ ಮಾತ್ರ ಐದರ ವರ್ಗಮೂಲದಷ್ಟು ಇಳಿಯುತ್ತೆ. ನಿಜ ವಿಮಾನ ಗಂಟೆಗೆ 250 ಕಿ.ಮೀ. ವೇಗದಲ್ಲಿ ನೆಲಕ್ಕೆ ಬರುತ್ತೆ ಅಂತಿಟ್ಟುಕೊಂಡ್ರೆ ಮಾದರಿ 112ರಲ್ಲಿ ಬರಬೇಕು. ಮೂರು ಮೀಟರಿನ ವಸ್ತು ಆ ವೇಗದಲ್ಲಿ ಬರೋವಾಗ ರಿಮೋಟ್ ಹಿಡಿದವನ ಎದೆ ಹೆಂಗೆ ಬಡ್ಕೊಳ್ಳುತ್ತೆ ಊಹಿಸಿ.

ಹವ್ಯಾಸಿಗಳು ಇದನ್ನು ಮಾಡಲ್ಲ. ನಮ್ಮ ದೇಶದ 2021ರ ಡ್ರೋನ್ ನಿಯಮಗಳ ಪ್ರಕಾರ ಹವ್ಯಾಸದ ಮಾದರಿ ವಿಮಾನ 25 ಕೆಜಿ ಮೀರುವಂತಿಲ್ಲ. ಬಾಲ್ಸಾ ಮರ, ತೆಳು ಪ್ಲೈವುಡ್, ಫೈಬರ್ ಗ್ಲಾಸ್ ಹಾಕಿ ಆದಷ್ಟೂ ಹಗುರ ಮಾಡ್ತಾರೆ. ಬಾಲದ ಕಡೆ ಭಾರ ಜಾಸ್ತಿ ಆಯ್ತು ಅಂತ ಬ್ಯಾಟರಿಗಳನ್ನೆಲ್ಲ ಮೂತಿಗೆ ತಳ್ತಾರೆ, ಅದೂ ಸಾಲದಿದ್ರೆ ಸೀಸದ ತುಂಡು ಇಡ್ತಾರೆ. ಮಾರುತದ ಥರ ಅಕ್ಕಪಕ್ಕ ಎರಡು ಎಂಜಿನ್ ಇರೋ ವಿಮಾನವಾದ್ರೆ ಸೀಮೆಎಣ್ಣೆಯಲ್ಲಿ ಓಡುವ ಪುಟ್ಟ ಟರ್ಬೈನ್ ಎರಡು ಕೂರಿಸಬೇಕು, ಇಲ್ಲ ಒಂದೇ ಟರ್ಬೈನಿನ ಬಿಸಿಗಾಳಿಯನ್ನು ಎರಡು ಕೊಳವೆಗೆ ಸೀಳಬೇಕು. ನೋಡೋಕೆ ಥೇಟ್ ಮಾರುತ. ಹಾರೋದು ಮಾತ್ರ ಬೇರೆ ಥರ, ಯಾಕಂದ್ರೆ ತೂಕ ಕಮ್ಮಿ. ಅದರ ಮೇಲೆ ಗಾಳಿಯದ್ದೇ ಒಂದು ತಕರಾರು. ನೀರಿನ ಹನಿ ನಮಗೆ ಏನೂ ಅಲ್ಲ, ಇರುವೆಗೆ ಅದೇ ಅಂಟು. ಹಾಗೇ ಸಣ್ಣ ರೆಕ್ಕೆಗೆ ಗಾಳಿ ಹೆಚ್ಚು ಅಂಟಂಟು. ಎಂಜಿನಿಯರಿಂಗ್ ಓದಿದವರಿಗೆ ರೆನಾಲ್ಡ್ಸ್ ಸಂಖ್ಯೆ ನೆನಪಿರಬಹುದು, ಪರೀಕ್ಷೆ ಮುಗಿದ ಮೇಲೆ ಮರೆತಿದ್ರೂ ಪರವಾಗಿಲ್ಲ :) ಸಣ್ಣ ಮಾದರಿ ಯಾವಾಗ ಸ್ಟಾಲ್ ಆಗುತ್ತೆ ಅನ್ನೋದನ್ನ ನೋಡಿ ದೊಡ್ಡ ವಿಮಾನದ ಬಗ್ಗೆ ಆಣೆ ಇಟ್ಟು ಹೇಳೋಕೆ ಆಗಲ್ಲ.

ಅದಕ್ಕೇ ಮರದಲ್ಲಿ ಪೂರ್ತಿ ಅಳತೆಯ ಮಾರುತ ಕಟ್ಟಿದ್ದು. ಈ ರೆಕ್ಕೆ ನಿಧಾನದ ವೇಗದಲ್ಲಿ ಹೇಗೆ ನಡೆದುಕೊಳ್ಳುತ್ತೆ, ಕೋಲು ಎಳೆದ್ರೆ ಮೂತಿ ಎಷ್ಟು ಏಳುತ್ತೆ, ನೆಲ ಮುಟ್ಟೋವಾಗ ಮಾತು ಕೇಳುತ್ತಾ? ಇದಕ್ಕೆಲ್ಲ ಗ್ಲೈಡರ್ ಉತ್ತರ ಕೊಟ್ಟಿತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿ, ಕ್ಷೇಮವಾಗಿ ಇಳಿಸಿದ್ರು.

ಕಥೆ ಇಲ್ಲಿಗೇ ಮುಗಿದಿದ್ರೆ ಎಷ್ಟು ಚೆನ್ನಾಗಿತ್ತು! ಆದ್ರೆ ಎಂಜಿನ್ನೇ ಇಲ್ಲದ ಗ್ಲೈಡರಿಗೆ ಎಂಜಿನ್ನಿನ ಪ್ರಶ್ನೆ ಕೇಳೋಕೆ ಆಗಲ್ಲವಲ್ಲ. ಮಾರುತಕ್ಕೆ ಅಂತ ನಂಬಿಕೊಂಡಿದ್ದು ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್, ಆಫ್ಟರ್‌ಬರ್ನರ್ ಇರುವಂಥದ್ದು. ಅದನ್ನು ಪೂರ್ತಿ ಮಾಡೋ ಖರ್ಚು ಯಾರು ಹಾಕಬೇಕು ಅನ್ನೋದರಲ್ಲೇ ಅದು ನಿಂತುಹೋಯಿತು. ಕೊನೆಗೆ ಕೂರಿಸಿದ್ದು ಸಣ್ಣ ಆರ್ಫಿಯಸ್ 703. ಒಂದೊಂದರ ತಳ್ಳು ಬಲ 4850 ಪೌಂಡ್. ಸೋವಿಯತ್ ಎಂಜಿನ್ ನೋಡಿದ್ರು, ಆಗಲಿಲ್ಲ. ಈಜಿಪ್ಟ್ ಮಾಡ್ತಿದ್ದ ಇ-300 ಎಂಜಿನ್ನನ್ನು ಒಂದು ಮಾರುತಕ್ಕೆ ಹಾಕಿ 1967ರಲ್ಲಿ ಹಾರಿಸಿಯೂ ನೋಡಿದ್ರು, ಅದೂ ಮುಂದೆ ಹೋಗಲಿಲ್ಲ. ಎರಡು ಪಟ್ಟು ಶಬ್ದವೇಗಕ್ಕೆ ಅಂತ ಬರೆದ ಆಕಾರ ಆ ವೇಗದ ಹತ್ತಿರವೂ ಹೋಗದೆ ಉಳಿಯಿತು.

ಆಗ ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯವರು ಇರೋ ಆರ್ಫಿಯಸ್ಸಿಗೇ ಆಫ್ಟರ್‌ಬರ್ನರ್ ಜೋಡಿಸಿದ್ರು. ಎಂಜಿನ್ ನೆಲದ ಮೇಲೆ ಉರಿದಂತೆ ಆಕಾಶದಲ್ಲೂ ವಿಮಾನದ ಜೊತೆ ಹೊಂದಿಕೊಳ್ಳುತ್ತಾ ಅಂತ ನೋಡೋಕೆ ಆ ಕಾಲದಲ್ಲಿ ಇದ್ದದ್ದು ಒಂದೇ ದಾರಿ, ಒಳಗೊಬ್ಬ ಮನುಷ್ಯನನ್ನ ಕೂರಿಸಿ ಕಳಿಸೋದು. 1970ರ ಜನವರಿ 10ರಂದು ಆ ವಿಮಾನದಲ್ಲಿ ಕೂತವರು ಅದೇ ಸುರಂಜನ್ ದಾಸ್, ಅಷ್ಟು ಹೊತ್ತಿಗೆ ಗ್ರೂಪ್ ಕ್ಯಾಪ್ಟನ್. ಎಚ್‌ಎಎಲ್ ನಿಲ್ದಾಣದಿಂದ ಮೇಲೇರುವಾಗಲೇ ವಿಮಾನ ಬಿತ್ತು. ಅವರು ಉಳಿಯಲಿಲ್ಲ. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆ ಹೋಗುವ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬೈಕೊಳ್ಳುವ ನಮ್ಮ ಐಟಿ ಮಂದಿಯಲ್ಲಿ ಎಷ್ಟು ಜನಕ್ಕೆ ಅದು ಯಾರ ಹೆಸರು ಅಂತ ಗೊತ್ತಿದೆಯೋ.

ಮಾರುತ ಸುಮ್ಮನೆ ಮೂಲೆ ಸೇರಲಿಲ್ಲ ಬಿಡಿ. ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲಕ್ಕೆ ಹತ್ತಿರ ಹಾರಿ ದಾಳಿ ಮಾಡಿ ಒಳ್ಳೆ ಹೆಸರು ತಗೊಂಡಿತು. 1990ರ ಹೊತ್ತಿಗೆ ನಿವೃತ್ತಿ. ಗ್ಲೈಡರ್ ಹೇಳಿದ್ದು ಸುಳ್ಳಾಗಲಿಲ್ಲ, ಆಕಾರ ಚೆನ್ನಾಗೇ ಇತ್ತು.

ಈಗ ಮತ್ತೆ ನಮ್ಮ ಸೀಮೆಗೆ ಬರೋಣ. ಹಿರಿಯೂರಿನ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಇದೆ, 2017ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. ಈ ಕಾವಲುಗಳಿಗೂ ಯುದ್ಧಕ್ಕೂ ಹಳೇ ನಂಟು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ', ಟಿಪ್ಪು ಕಾಲಕ್ಕೆ 'ಅಮೃತ ಮಹಲ್' ಆಯಿತು. ಫಿರಂಗಿ ಎಳೆಯುವ ಎತ್ತುಗಳು ಮೇಯುತ್ತಿದ್ದದ್ದು ಇಂಥ ಹುಲ್ಲುಗಾವಲಲ್ಲಿ. ಆಮೇಲೆ ಸುತ್ತಲಿನ ಹಳ್ಳಿಗಳ ಕುರಿ, ದನಗಳಿಗೆ ಇದೇ ಆಸರೆ. ಈ ಜಾಗ ಸಂಸ್ಥೆಗಳಿಗೆ ಹೋದಾಗ ಮೇವಿನ ಪ್ರಶ್ನೆ ಎದ್ದು, ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಮಾದರಿ ಹಾರಿಸೋಕೆ ಬಯಲು ಬೇಕು, ಆ ಬಯಲಿನ ಬೆಲೆಯನ್ನ ಕುರಿ ಕಾಯೋನೂ ಕೊಡ್ತಾನೆ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿ ನಡೆದದ್ದನ್ನು 1959ರ ಪಕ್ಕ ಇಟ್ಟು ನೋಡಿ. 2022ರ ಜುಲೈ 1ರಂದು ಬಾಲವೇ ಇಲ್ಲದ, ಬರೀ ರೆಕ್ಕೆಯಾಕಾರದ ಒಂದು ಪ್ರಾಯೋಗಿಕ ವಿಮಾನ ಇಲ್ಲಿ ತಾನಾಗೇ ಏರಿ, ಹಾರಿ, ಇಳಿಯಿತು. ಅದರಲ್ಲಿ ಪುಟ್ಟ ಜೆಟ್ ಎಂಜಿನ್ ಇತ್ತು, ಮನುಷ್ಯ ಇರಲಿಲ್ಲ. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯಿರುವ ತಮ್ಮ ಮರುಬಳಕೆ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿಗೆ ಕಟ್ಟಿ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟರು. ಎಂಜಿನ್ ಇಲ್ಲದೆ ತೇಲಿಕೊಂಡು ಬಂದು, ತಾನೇ ದಾರಿ ಹುಡುಕಿ ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಇನ್ನೆರಡು ಸಲ, ಬೇಕಂತಲೇ ರನ್‌ವೇಗೆ ಓರೆಯಾಗಿ ಬಿಟ್ಟು ನೋಡಿದ್ರು, ಆಗಲೂ ಇಳಿಯಿತು. ಮುಂದೆ ಕಕ್ಷೆಯಿಂದ ವಾಪಸು ಬರಬೇಕಾದ ವಾಹನ ಇದರ 1.6 ಪಟ್ಟು ದೊಡ್ಡದಂತೆ. ಅಂದ್ರೆ ಇದೂ ಒಂದು ಮಾದರಿಯೇ! ಡಕೋಟಾ ಹೋಗಿ ಚಿನೂಕ್ ಬಂತು, ಮರ ಹೋಗಿ ಲೋಹ ಬಂತು, ಪೈಲಟ್ ಕೂರುವ ಜಾಗಕ್ಕೆ ನಮ್ಮಂಥವರು ಬರೆಯೋ ಸಾಫ್ಟ್‌ವೇರ್ ಬಂತು. ಉಪಾಯ ಮಾತ್ರ ಟ್ಯಾಂಕ್ ಮತ್ತು ಘಾಟಗೆ ಕಾಲದ್ದೇ.

ವದ್ದಿಕೆರೆಯಲ್ಲಿ ಬಿದ್ದ ತಪಸ್ ಬಗ್ಗೆ ನನಗನ್ನಿಸೋದು ಇಷ್ಟೇ. ದಾಸ್ ಅವರ ವಿಮಾನವೂ ಬಿತ್ತು, ಇದೂ ಬಿತ್ತು. ಇದು ಬಿದ್ದಾಗ ಯಾರ ಮನೆಗೂ ಸಾವಿನ ಸುದ್ದಿ ಹೋಗಲಿಲ್ಲ. ಹೊಲದವನಿಗೆ ಬೆಳೆ ಪರಿಹಾರ ಕೊಟ್ಟು, ತುಂಡುಗಳನ್ನ ಒಯ್ದು, ಯಾಕೆ ಬಿತ್ತು ಅಂತ ಕೂತು ನೋಡಬಹುದು. ಹಣ ಹೋದದ್ದು ನಿಜ, ಆದ್ರೆ ಪ್ರಾಣ ಉಳೀತು.

ಎಂಜಿನ್ ಪ್ರಶ್ನೆ? ಅದು ಮುಗಿದಿಲ್ಲ. 2001ರ ಜನವರಿ 4ರಂದು ಮೊದಲ ಸಲ ಹಾರಿದ ನಮ್ಮ ತೇಜಸ್ಸಿನ ಒಳಗಿದ್ದದ್ದು ಅಮೆರಿಕದ ಎಂಜಿನ್. ನಮ್ಮದೇ ಕಾವೇರಿ ಎಂಜಿನ್ ಅದಕ್ಕೆ ಕೂರಲಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಒಂದು ಮಾರುತ ನಿಲ್ಲಿಸಿದ್ದಾರೆ. ಎಲ್ಲರೂ ಅದರ ಚೂಪು ಮೂತಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ತಾರೆ. ನೀವು ಹೋದ್ರೆ ಒಂಚೂರು ಹಿಂದಕ್ಕೂ ಹೋಗಿ, ಆ ಎರಡು ಹೊಗೆಕೊಳವೆ ನೋಡಿ ಬನ್ನಿ. ಈ ವಿಮಾನದ ಅರ್ಧ ಕಥೆ ಇರೋದು ಅಲ್ಲೇ.